ತಮ್ಮನ ಅಂಕಿ

ಮಾರ್ಚ್ 4, ಬೆಳಗ್ಗೆ 7
ಜ್ವರ 102. ಒಣಕೆಮ್ಮು, ಪಕ್ಕೆಲುಬು ಕಿತ್ತು ಬರುವ ಹಾಗೆ. ಬಾಯಿಗೆ ರುಚಿಯಿಲ್ಲ. ಪಕ್ಕದ ಮಂಚದಲ್ಲಿ ತಮ್ಮ. ಅವನಿಗೂ ಅದೇ ವೈರಸ್ಸು. ನನ್ನದು ಅಂತ ಯಾವುದನ್ನು ತಾನೇ ನನಗೊಬ್ಬನಿಗೇ ಬಿಟ್ಟಿದ್ದಾನೆ? ಅಕ್ಕ ಒಳಗೆ ಬರುವಂತಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ತೋರಿಸುವ ಇಬ್ಬರ ಆಮ್ಲಜನಕದ ಅಂಕಿ ಬರೆದು ನಾನು ಹಾಳೆಯನ್ನು ಬಾಗಿಲ ಕೆಳಗೆ ತಳ್ಳಬೇಕು, ಅವಳು ಡಾಕ್ಟರಿಗೆ ಓದುತ್ತಾಳೆ.
ಆಚೆಯಿಂದ ಅವಳ ಮೊದಲ ಮಾತು: "ಚಿಕ್ಕವನು ಏನಾದ್ರೂ ತಿಂದ್ನೇನೋ?"

ಮಾರ್ಚ್ 6, ಮಧ್ಯಾಹ್ನ
ನನಗೆ 103. ಅವನಿಗೆ ಜ್ವರವೇ ಇಲ್ಲ. ತುಟಿ ಮಾತ್ರ ನೇರಳೆ ಹಣ್ಣು ತಿಂದವನ ಹಾಗಿದೆ. ಮಾತಿನ ನಡುವೆ ನಿಲ್ಲುತ್ತಾನೆ, ನಾಟಕದವನಂತೆ.
"ಅಣ್ಣಾ, ಕೆಮ್ಮಿನ ವಿರುದ್ಧ... ಪೇಪರಿಗೊಂದು ಪತ್ರ ಬರಿಯೋ."
ಆಚೆ ಅಕ್ಕ ನಕ್ಕಳು. ನಲವತ್ತು ವರ್ಷ ಊರಿನ ಅನ್ಯಾಯಗಳನ್ನೆಲ್ಲ ಪೇಪರಿಗೆ ಬರೆದೆ. ಅವಳು ಒಂದನ್ನೂ ಓದಲಿಲ್ಲ. ಇಬ್ಬರಿಗೂ ದಡಾರ ಬಂದಾಗ ನನಗೆ ಎಂಟು, ಅವನಿಗೆ ಐದು. ಹನ್ನೊಂದು ದಿನ ಅಕ್ಕ ಬೀಸಣಿಗೆ ಹಿಡಿದು ಕೂತದ್ದು ಅವನ ಬದಿಗೆ. ನನ್ನ ಬದಿಗೆ ಗೋಡೆ.

ಮಾರ್ಚ್ 7, ಬೆಳಗ್ಗೆ 11
ಆಕ್ಸಿಮೀಟರಿನಲ್ಲಿ ನನಗೆ 96. ಅವನಿಗೆ 88.
ಮತ್ತೆ ನೋಡಿದೆ. ಅದೇ. ಹಾಡು ಗುನುಗುವವನಿಗೆ 88, ಕೆಮ್ಮಿ ಸಾಯುವವನಿಗೆ 96! ಯಂತ್ರಕ್ಕೂ ಕಿರಿಯನ ಮೇಲೇ ಮುದ್ದು. ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದಂತೆ, ಓದಿದ್ದೇನೆ. ಅವನದು ಮಂಜುಗಡ್ಡೆ. ತೊಂಬತ್ತರ ಕೆಳಗಿಳಿದರೆ ತಕ್ಷಣ ಆಸ್ಪತ್ರೆ ಎಂದಿದ್ದಾರೆ ಡಾಕ್ಟರು.
"ಎಷ್ಟಣ್ಣಾ ನಂದು? ಕನ್ನಡಕ ಇಲ್ದೆ ಕಾಣಲ್ಲ."
"ಚೆನ್ನಾಗಿದೆ, ಮಲಕ್ಕೋ."
ನನ್ನ ಸಾಲಿನಲ್ಲಿ 88 ಬರೆದೆ. ಅವನದರಲ್ಲಿ 96. ಹಾಳೆ ತಳ್ಳಿದೆ.
"ಅಯ್ಯೋ ನನ್ನಪ್ಪಾ! ಬಾಗಿಲು ತೆಗಿಯೋ!"
ನನಗೆ. ನನಗೇ ಅಂದದ್ದು.

ಮಧ್ಯಾಹ್ನ 3
ಆಸ್ಪತ್ರೆ. ಖಾಲಿ ಇದ್ದದ್ದು ಒಂದೇ ಹಾಸಿಗೆ. ಆಂಬುಲೆನ್ಸಿನಲ್ಲಿ ಅಕ್ಕ ದಾರಿಯುದ್ದಕ್ಕೂ ನನ್ನ ಪಾದ ಉಜ್ಜಿದಳು. ಹೊರಡುವಾಗ ತಮ್ಮ ಅಂದದ್ದು: "ಹುಷಾರು... ಅಣ್ಣಾ. ನಾನು... ಸ್ವಲ್ಪ ಮಲಗ್ತೀನಿ."
ನರ್ಸ್ ಬೆರಳಿಗೆ ಸಿಕ್ಕಿಸಿದರು. 97. ಇನ್ನೊಂದು ಬೆರಳು. 97.
"ಯಜಮಾನ್ರೇ, ನಿಮ್ಮದು ಚೆನ್ನಾಗೇ ಇದೆಯಲ್ಲ! ಮತ್ತೆ ಹಾಳೆಯಲ್ಲಿರೋ ಈ ಎಂಬತ್ತೆಂಟು ಯಾರ್ದು?"
ಅಕ್ಕ ನನ್ನ ಮುಖ ನೋಡಿದಳು. ಮನೆಗೆ ಫೋನ್ ಹಚ್ಚಿದಳು. ರಿಂಗಾಯಿತು, ರಿಂಗಾಯಿತು...

3.20
ಅದೇ ಆಂಬುಲೆನ್ಸ್ ಹತ್ತಿ ಹೋದಳು. ನನ್ನ ಕಡೆ ತಿರುಗಲಿಲ್ಲ. ಹಾಸಿಗೆಯಲ್ಲಿ ಮಲಗಿಲ್ಲ ನಾನು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೇನೆ. ಹೊದಿಕೆ ಬಿಡಿಸಿಟ್ಟಿದ್ದೇನೆ, ಅವನಿಗೆ.

4.05
ಅಕ್ಕನ ಫೋನ್ —