ಕಚ್ಚುವುದನ್ನು ಬಿಟ್ಟ ಇಲಿಗಳು

ಔಷಧ ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ಕೀಲೂತಕ್ಕೆಂದು ನೀವು ಜನರ ಮೇಲೆ ಪರೀಕ್ಷಿಸುತ್ತಿರುವ ಹೊಸ ಮಾತ್ರೆ ಬೆರಳಿನ ಊತ ಇಳಿಸುತ್ತದೆ. ಜೊತೆಗೆ ಮನುಷ್ಯರನ್ನು ಕಲ್ಲು ಮಾಡುತ್ತದೆ. ಮೊದಲನೆಯದನ್ನು ಪತ್ರಿಕೆಗಳಲ್ಲಿ ಡಂಗುರ ಸಾರಿದಿರಿ. ಎರಡನೆಯದನ್ನು ನಾನು ತಿಳಿಸಿದಾಗ ‘ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿರಿ.

ನನ್ನ ಅಕ್ಕ ಕೋಟು ಹೊಲಿಯುವವಳು. ಅವಳ ಬಾಯಿಗೆ ಹೆದರಿ ಗಿರಾಕಿಗಳು ಉಸಿರು ಬಿಗಿಹಿಡಿದೇ ಅಳತೆ ಕೊಡುತ್ತಿದ್ದರು. ಬೆರಳ ಗೆಣ್ಣುಗಳು ಊದಿ ಸೂಜಿ ಹಿಡಿಯಲಾಗದೆ ನಿಮ್ಮ ಪರೀಕ್ಷೆಗೆ ಸೇರಿದಳು. ಕೆಲವೇ ವಾರಗಳಲ್ಲಿ ಬೆರಳು ಹಗುರಾದವು, ಬಾಯಿಯೂ ನಿಂತಿತು. ಭಾವನಿಗೆ ಹಾಲು ಕುಡಿದಷ್ಟು ಸಂತೋಷ. ‘ಅಲ್ಲಯ್ಯಾ, ಈ ಮಾತ್ರೆನ ನಮ್ಮ ಮದುವೆಗೆ ಮುಂಚೆ ಕಂಡುಹಿಡಿಯೋಕೆ ಇವರಿಗೇನಾಗಿತ್ತು?’ ಎಂದು ನಕ್ಕಿದ್ದರು. ಆಮೇಲೊಂದು ಮಧ್ಯಾಹ್ನ ಮೊಮ್ಮಗಳು ಮೆಟ್ಟಿಲಿಂದ ಉರುಳಿ, ಹೊಲಿಗೆ ಯಂತ್ರದ ಪಕ್ಕದಲ್ಲೇ ಹಣೆ ಒಡೆದುಕೊಂಡಳು. ಮಗು ‘ಅಜ್ಜೀ’ ಎಂದು ಕಿರುಚುತ್ತಿದ್ದರೆ ಅಕ್ಕ ತಿರುಗಿ ನೋಡಿ, ‘ಬಿದ್ಯಾ? ಸರಿ’ ಎಂದು ಗುಂಡಿ ಹಾಕುವುದನ್ನು ಮುಂದುವರಿಸಿದಳು. ಓಡಿಬಂದು ಮಗುವನ್ನು ಎತ್ತಿಕೊಂಡವರು ಭಾವ. ಆ ಹಾಸ್ಯವನ್ನು ಅವರು ಮತ್ತೆ ಆಡಿಲ್ಲ.

ನಾನು ವೈದ್ಯನಲ್ಲ; ಓದಲು ಬರುತ್ತದೆ, ಅಷ್ಟೇ. ಅದಕ್ಕೇ ನೀವು ಪ್ರಕಟಿಸಿದ ವರದಿಯನ್ನು ಓದಿದೆ. ಸಹಿ ಹಾಕುವ ಮುನ್ನ ನೀವೂ ಓದಿದ್ದರೆ ಚೆನ್ನಾಗಿತ್ತು. ಇಲಿಗಳ ಪಾದದ ಊತವನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆದಿದ್ದೀರಿ. ಅದೇ ಪುಟದಲ್ಲಿ, ಮದ್ದು ತಿಂದ ಇಲಿಗಳು ಕಚ್ಚುವುದನ್ನು ಬಿಟ್ಟದ್ದರಿಂದ ಸಿಬ್ಬಂದಿಗೆ ಕೆಲಸ ಸುಲಭವಾಯಿತೆಂದು ಹಿಗ್ಗಿದ್ದೀರಿ. ಗೂಡಿನಿಂದ ಹೊರಬಿದ್ದ ಮರಿಗಳನ್ನು ತಾಯಿ ಇಲಿಗಳು ಎತ್ತಿಕೊಳ್ಳಲಿಲ್ಲವಾಗಿ ಮರಿಗಳನ್ನು ಬೇರೆ ಪಂಜರಕ್ಕೆ ಹಾಕಿಸಿದಿರಂತೆ. ಎಂಥ ಕರುಣೆ! ಇಲಿಯೇ ಹೇಳಿದರೂ ತಿಳಿಯದವರಿಗೆ ಇನ್ನು ಯಾರು ಹೇಳಬೇಕು?

ಕೀಲಿಗೆಂದು ನುಂಗಿದ ಮದ್ದು ಕೀಲಿನ ವಿಳಾಸ ಕೇಳಿಕೊಂಡು ಹೋಗುತ್ತದೆಯೇ? ರಕ್ತದೊಡನೆ ಮೈಯೆಲ್ಲ ಸುತ್ತುತ್ತದೆ. ಮಿದುಳಿಗೆ ಕಾವಲಿದೆ, ನಿಜ; ಕಾವಲು ದಾಟುವ ಮದ್ದುಗಳೂ ಇವೆ. ದಾಟಿದ್ದು ಅಲ್ಲಿನ ಜೀವಕೋಶಗಳ ಯಾವ ಗ್ರಾಹಕದಲ್ಲಿ, ಅಂದರೆ ಮದ್ದನ್ನು ಹಿಡಿದುಕೊಳ್ಳುವ ತಾಣದಲ್ಲಿ, ಬೀಗದೊಳಗೆ ಕೀಲಿಕೈ ಕೂತಂತೆ ಕೂತು ಯಾವ ಬಾಗಿಲು ಮುಚ್ಚುತ್ತದೆ ಎಂದು ನೋಡುವುದೇ ಅಲ್ಲವೇ ನಿಮ್ಮ ವೃತ್ತಿ? ಹಿಂದೆ ಇದೇ ಕುರ್ಚಿಯಲ್ಲಿದ್ದವರು, ಕೆಮ್ಮಿನ ಔಷಧಿ ಕುಡಿದ ಮಕ್ಕಳು ಹಗಲೆಲ್ಲ ತೂಕಡಿಸಿದಾಗ ‘ನಿದ್ದೆ ಆರೋಗ್ಯದ ಲಕ್ಷಣ’ ಎಂದಿದ್ದರು. ಕುರ್ಚಿಗೆ ಮರೆವಿರಬಹುದು, ನಮಗಿಲ್ಲ.

ಅಕ್ಕ ಮಾತ್ರೆ ಬಿಟ್ಟಿದ್ದಾಳೆ. ಬೆರಳು ಮತ್ತೆ ಊದಿವೆ, ಕತ್ತರಿ ಹಿಡಿಯಲಾಗದು. ಮೊಮ್ಮಗಳ ಹಣೆಯ ಕಲೆ ಸವರುತ್ತ, ‘ಕಣ್ಣಿಗೆ ಕಾಣ್ತಾ ಇತ್ತು ಕಣೋ. ಎದ್ದು ಹೋಗ್ಬೇಕು ಅಂತ ಅನ್ನಿಸ್ಲೇ ಇಲ್ಲ’ ಎಂದು ಅತ್ತಳು. ಮೂಗು ಒರೆಸಿಕೊಂಡು, ‘ಅವರಿಗೆ ಬರಿ. ನಯವಾಗಿ ಬರೆದ್ಯೋ, ನಿನ್ನ ಹಲ್ಲು ಉದುರಿಸ್ತೀನಿ’ ಎಂದಳು.

ಆದ್ದರಿಂದ ನಯವಿಲ್ಲದೆ ಹೇಳುತ್ತೇನೆ: ಈ ಮಾತ್ರೆ ಮಿದುಳಿನಲ್ಲಿ ಏನು ಮಾಡುತ್ತದೆಂದು ತಿಳಿಯುವವರೆಗೆ ಪರೀಕ್ಷೆ ನಿಲ್ಲಿಸಿ. ಅದನ್ನು ನುಂಗುತ್ತಿರುವ ಒಬ್ಬೊಬ್ಬರ ಮನೆಗೂ ಹೋಗಿ. ಅವರನ್ನು ಮಾತ್ರ ಕೇಳಿ ಹಿಂತಿರುಗಬೇಡಿ, ‘ಚೆನ್ನಾಗಿದ್ದೇನೆ’ ಎಂದುಬಿಡುತ್ತಾರೆ. ಮನೆಯವರನ್ನು ಕೇಳಿ.

ಇಂತಿ,
ಅಕ್ಕನಿಂದ ಮತ್ತೆ ಬೈಸಿಕೊಳ್ಳುವ ಭಾಗ್ಯ ಪಡೆದ ತಮ್ಮ