ಯೂಕ್ಲಿಡ್‌ನ ವೆಂಡೆಲ್ ಅವರ ಕಡೆಯ ವಾದ

ಪಾರ್ಮಾ, ಓಹಿಯೊ
ಫೆಬ್ರವರಿ 24

ಯೂಕ್ಲಿಡ್‌ನ ವೆಂಡೆಲ್ ಅವರಿಗೆ ಪಾರ್ಮಾದ ಬರ್ನಡೀನ್ ಮಾಡುವ ನಮಸ್ಕಾರ.

ನಿಮ್ಮ ಮನೆತನದ ಹೆಸರು ನನಗೆ ಗೊತ್ತಿಲ್ಲ. ಇಷ್ಟು ವರ್ಷ ರೇಡಿಯೊದ ಸಂಜೆಯ ಬೇಸ್‌ಬಾಲ್ ಹರಟೆಯಲ್ಲಿ, ಅದನ್ನು ನಡೆಸುವ ಗ್ಯಾರೆಟ್ ಕರೆ ಮಾಡುವ ನಮ್ಮನ್ನು ಹೀಗೆಯೇ ಊರಿನ ಹೆಸರು ಸೇರಿಸಿ ಕರೆಯುತ್ತ ಬಂದಿದ್ದಾನೆ. ಆದ್ದರಿಂದ ಈ ಕಾಗದವನ್ನು ರೇಡಿಯೊ ಕೇಂದ್ರದ ವಿಳಾಸಕ್ಕೇ ಹಾಕುತ್ತಿದ್ದೇನೆ. ಅಲ್ಲಿ ಕರೆ ಎತ್ತಿಕೊಳ್ಳುವ ಹೆಂಗಸು ನಿಮಗೆ ತಲುಪಿಸುವುದಾಗಿ ಹೇಳಿದ್ದಾಳೆ.

ಮೊದಲು ಜಗಳದ ವಿಷಯ. ನಮ್ಮ ತಂಡ ಹ್ಯಾಲೊರನ್‌ನನ್ನು ಕೊಟ್ಟು ಪಶ್ಚಿಮದವರ ತಂಡದ ಒಸೋರಿಯೊನನ್ನು ತಂದುಕೊಂಡಿದ್ದು ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಇಬ್ಬರಿಗೂ ಕೋಟಿಗಟ್ಟಲೆ ಡಾಲರ್ ಸಂಬಳ, ಇಬ್ಬರಿಂದಲೂ ಹೋದ ವರ್ಷ ಮೂರು ಕಾಸಿನ ಉಪಯೋಗವಿಲ್ಲ. ಹ್ಯಾಲೊರನ್ ಬ್ಯಾಟು ಬೀಸಿದ್ದೆಲ್ಲ ಗಾಳಿಗೇ. ಸರೋವರದ ಮೇಲಿಂದ ಬರುವ ಚಳಿಗಾಳಿ ಸಾಲದು ಅಂತ ಇವನೂ ಬೀಸ್ತಾನೆ ಅಂತ ನಾನು ರೇಡಿಯೊದಲ್ಲಿ ಅಂದದ್ದು ನಿಮಗೆ ನೆನಪಿರಬಹುದು. ನೀವು ಎರಡು ದಿನ ಮುನಿಸಿಕೊಂಡಿದ್ದಿರಿ. ಒಸೋರಿಯೊಗೆ ಮೊಣಕಾಲು ನೋವಿದೆ, ನಿಜ. ಆದರೆ ಊರು ಬದಲಾದರೆ ಮನುಷ್ಯ ಬದಲಾಗುತ್ತಾನೆ. ಇಷ್ಟೇ ನನ್ನ ವಾದ.

ಆದರೆ ಈ ವಾದವನ್ನು ನಾನು ರೇಡಿಯೊದಲ್ಲಿ ಹೇಳಲಿಲ್ಲ. ಯಾಕೆಂದು ಹೇಳುತ್ತೇನೆ.

ಈ ಅದಲುಬದಲಿನ ಸುದ್ದಿ ಬಂದ ಸಂಜೆ ನಾನು ಬೇಗ ಊಟದ ತಯಾರಿ ಮುಗಿಸಿ ರೇಡಿಯೊವನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ನೀವು ಮೊದಲು ಕರೆ ಮಾಡುತ್ತೀರಿ, ಆಮೇಲೆ ನಾನು ನಿಮ್ಮ ಮಾತನ್ನು ಎಳೆ ಎಳೆಯಾಗಿ ಬಿಚ್ಚಿಡಬೇಕು ಎಂದುಕೊಂಡಿದ್ದೆ. ಕ್ರಿಸ್ಮಸ್ಸಿಗೆ ಮೊದಲಿನಿಂದ ನಿಮ್ಮ ದನಿ ಕೇಳಿರಲಿಲ್ಲ. ಚಳಿಗಾಲ, ಆಟವಿಲ್ಲ, ಮಗನ ಮನೆಗೋ ಬೆಚ್ಚಗಿನ ಊರಿಗೋ ಹೋಗಿದ್ದೀರಿ ಎಂದುಕೊಂಡಿದ್ದೆ. ಇಂಥ ಸುದ್ದಿಗೂ ಬಾಯಿ ಬಿಡುವುದಿಲ್ಲ ಅಂದರೇನು? ಊರಿಗೆ ಊರೇ ಕರೆ ಮಾಡಿತು. ಎಲ್ಲರದೂ ಒಂದೇ ರಾಗ, ಹ್ಯಾಲೊರನ್ ತೊಲಗಿದ, ಒಳ್ಳೆಯದಾಯಿತು ಎಂದು. ಲೊರೇನ್ ಊರಿನ ಡೊಮಿನಿಕ್ ಇದ್ದಾನಲ್ಲ, ಅವನಂತೂ "ಯೂಕ್ಲಿಡ್ ತಾತ ಎಲ್ಲಿ? ಹ್ಯಾಲೊರನ್ ಸೂಟ್‌ಕೇಸಲ್ಲೇ ಕೂತ್ಕೊಂಡು ಹೋಗ್ಬಿಟ್ರಾ?" ಅಂತ ನಕ್ಕ.

ನನಗೆ ಯಾಕೆ ಸಿಟ್ಟು ಬಂತೋ ಗೊತ್ತಿಲ್ಲ. ಅವನು ಹೇಳಿದ್ದೆಲ್ಲ ನನ್ನ ವಾದವೇ. ಆದರೂ ಫೋನ್ ತೆಗೆದುಕೊಂಡೆ. "ಕೆಟ್ಟ ಮೊಣಕಾಲು ರಿಪೇರಿಯಾಗಲ್ಲಪ್ಪ, ಕೆಟ್ಟ ಬೀಸು ರಿಪೇರಿಯಾಗತ್ತೆ. ಹ್ಯಾಲೊರನ್‌ನ ಕಳಿಸಿದ್ದು ತಪ್ಪು," ಅಂದುಬಿಟ್ಟೆ. ಹೋದ ಶರತ್ಕಾಲದಲ್ಲಿ ಈ ಅದಲುಬದಲಿನ ಗಾಳಿಸುದ್ದಿ ಎದ್ದಾಗ ಮೊಣಕಾಲು, ಬೀಸಿನ ಆ ಮಾತು ಹೇಳಿದ್ದು ನೀವು. ಗ್ಯಾರೆಟ್‌ಗೆ ಆಶ್ಚರ್ಯ. "ಏನ್ ಬರ್ನಡೀನ್, ಜ್ವರ ಗಿರ ಬಂದಿದ್ಯಾ?" ಅಂದ. ಮಾರನೆಯ ಸಂಜೆಯೂ ನಿಮ್ಮ ಕಡೆಯಿಂದಲೇ ಮಾತಾಡಿದೆ. ಆಮೇಲೆ ಅದೇ ಅಭ್ಯಾಸವಾಯಿತು. ನೀವು ಎಲ್ಲೋ ಕೇಳುತ್ತಿದ್ದು, ಈ ಹೆಂಗಸು ನನ್ನ ವಾದ ಹಾಳು ಮಾಡುತ್ತಿದ್ದಾಳೆ ಎಂದು ಸಿಟ್ಟಿನಿಂದಾದರೂ ಕರೆ ಮಾಡುತ್ತೀರಿ ಎಂಬ ಆಸೆಯಿತ್ತು.

ಮಾಡಿದಿರಿ. ಹೋದ ಮಂಗಳವಾರ.

ಯಂತ್ರದ ದನಿ. ಏರಿಳಿತವೇ ಇಲ್ಲದೆ, ದುಂಬಿ ಗುಂಯ್‌ಗುಟ್ಟಿದ ಹಾಗೆ, "ಮೊದ್ಲು ಎಲ್ರೂ ಒಂದ್ಸಲ ಉಸಿರು ಬಿಡಿ," ಎಂದಿತು. ಗ್ಯಾರೆಟ್ ನಕ್ಕ. "ಈಗ ಕಂಪ್ಯೂಟರ್‌ಗಳೂ ಫೋನ್ ಮಾಡೋಕೆ ಶುರು ಮಾಡಿದ್ವಾ? ಮುಂದಿನವ್ರು ಬನ್ನಿ," ಎಂದು ಕತ್ತರಿಸಿಬಿಟ್ಟ.

ನನ್ನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಕರೆ ಮಾಡಿದಾಗಲೆಲ್ಲ ಆ ಮಾತಿನಿಂದ ಶುರು ಮಾಡುವವರು ಈ ಊರಲ್ಲಿ ಒಬ್ಬರೇ. "ಎಲ್ರೂ" ಅಂದಮೇಲೆ ನೀವು ಸ್ವಲ್ಪ ನಿಲ್ಲುತ್ತೀರಿ. ಯಂತ್ರವೂ ನಿಂತಿತ್ತು. ಉಕ್ಕಿನ ಕಾರ್ಖಾನೆಯಲ್ಲಿದ್ದ ನನ್ನ ಸೋದರಮಾವನಿಗೂ ಗಂಟಲ ಆಪರೇಷನ್ ಆಗಿ, ಕುತ್ತಿಗೆಗೆ ಒತ್ತಿಕೊಂಡು ಮಾತಾಡುವ ಅಂಥದೇ ಯಂತ್ರ ಕೊಟ್ಟಿದ್ದರು. ಜನ ತಿರುಗಿ ನೋಡುತ್ತಾರೆಂದು ಅವರು ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದರು.

ತಕ್ಷಣ ಕರೆ ಮಾಡಿ ಕಾದೆ. ಸರದಿ ಬಂದಾಗ ಗ್ಯಾರೆಟ್ ಎಂದಿನಂತೆ ತಮಾಷೆ ಶುರು ಮಾಡಿದ. "ನಗಬೇಡ ಗ್ಯಾರೆಟ್. ಅದು ಕಂಪ್ಯೂಟರ್ ಅಲ್ಲ ಕಣಪ್ಪ, ಯೂಕ್ಲಿಡ್‌ನ ವೆಂಡೆಲ್. ನೀನು ಫೋನ್ ಇಟ್ಟಿದ್ದು ಅವ್ರ ಮುಖಕ್ಕೆ," ಅಂದೆ. ಅವನು ತಮಾಷೆ ಅಲ್ಲಿಗೇ ಬಿಟ್ಟ. ಆಮೇಲೆ ಅವನು ಕ್ಷಮೆ ಕೇಳಿದ. ನಿಜವಾಗಿ ಕೇಳಿದ. ದಯವಿಟ್ಟು ಮತ್ತೆ ಕರೆ ಮಾಡಿ ಎಂದ. ಸರದಿಯಲ್ಲಿದ್ದ ಡೊಮಿನಿಕ್, "ನನ್ ಲೈನು ತಾತಂಗೆ ಕೊಡಿ, ನಾನು ಕಾಯ್ತೀನಿ," ಅಂದ. ಜಾಹೀರಾತುಗಳು ಮುಗಿದವು. ನೀವು ಮಾಡಲಿಲ್ಲ. ಮಾರನೆಯ ದಿನವೂ ಇಲ್ಲ.

ವೆಂಡೆಲ್, ನಿಮ್ಮನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ. ನೀವು ಹ್ಯಾಲೊರನ್ ವಿಷಯದಲ್ಲಿ ಪೂರ್ತಿ ತಪ್ಪು. ಅದನ್ನು ನಿಮಗೇ ಹೇಳಬೇಕು, ಬೇರೆಯವರಿಗೆ ಹೇಳಿದರೆ "ಹೌದು ಹೌದು" ಎಂದು ಸುಮ್ಮನಾಗುತ್ತಾರೆ. ನನಗೆ ಹೊತ್ತು ಹೋಗುವುದಿಲ್ಲ ಅಂತೇನಿಲ್ಲ. ಚರ್ಚಿನಲ್ಲಿ ಶುಕ್ರವಾರಗಳಂದು ಪಿರೋಗಿ ಕಡುಬು ಮಡಿಸುವ ಕೆಲಸವಿದೆ, ಮನೆಯ ಮುಂದೆ ಹಿಮ ಎತ್ತುವುದಿದೆ. ಸಾಸೇಜನ್ನು ಮಾತ್ರ ಇವತ್ತಿಗೂ ಇಬ್ಬರಿಗಾಗುವಷ್ಟೇ ಬೇಯಿಸುತ್ತೇನೆ, ಅಳತೆ ತಪ್ಪಿಹೋಗಿದೆ.

ನಿಮ್ಮ ಎದುರುವಾದಿ,
ಬರ್ನಡೀನ್ ಕೊಸ್ತಿಕ್

ಮರೆತಿದ್ದೆ: ಹಿಂಬದಿಯಲ್ಲಿ ನನ್ನ ಫೋನ್ ನಂಬರ್ ಬರೆದಿದ್ದೇನೆ. ಬೇರೆ ಯಾರಾದರೂ ಎತ್ತಿಯಾರು ಎಂಬ ಸಂಕೋಚ ಬೇಡ. ಈ ಮನೆಯಲ್ಲಿ ಎತ್ತುವವಳು ನಾನೊಬ್ಬಳೇ.

*

ಯೂಕ್ಲಿಡ್
ಮಾರ್ಚ್ 9

ಶ್ರೀಮತಿ ಕೊಸ್ತಿಕ್ ಅವರಿಗೆ ವೆಂಡೆಲ್ ಪ್ರೂಯಿಟ್‌ನ ವಂದನೆಗಳು.

ನಿಮ್ಮ ಕಾಗದ ಸಿಕ್ಕಿತು. ನೀವು ಊಹಿಸಿದ್ದು ಸರಿ. ಡಿಸೆಂಬರಿನಲ್ಲಿ ಆಪರೇಷನ್ ಆಯಿತು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಳಿದದ್ದೆಲ್ಲ ಗಟ್ಟಿಯಾಗಿದೆ.

ನೀವು ನನ್ನ ಪರವಾಗಿ ಆಡಿದ ಮಾತುಗಳನ್ನು ದಿನವೂ ಕೇಳಿದೆ. ಅರ್ಧ ಮಾತ್ರ ಹೇಳಿದಿರಿ. ಮೊಣಕಾಲಿನ ವಿಷಯ ದೊಡ್ಡದಲ್ಲ. ಸೋಲುತ್ತಿರುವವನಿಗೆ ಹೊಸ ಊರು ಬೇಕಾಗಿಲ್ಲ, ಅವನು ಚೆನ್ನಾಗಿದ್ದಾಗ ನೋಡಿದ ಜನ ಬೇಕು. ಹ್ಯಾಲೊರನ್ ಒಂದು ಕಾಲದಲ್ಲಿ ಹೇಗೆ ಹೊಡೆಯುತ್ತಿದ್ದ ಅನ್ನುವುದು ನಮಗೆ ಗೊತ್ತು. ಆ ಪಶ್ಚಿಮದವರ ಕಣ್ಣಿಗೆ ಅವನು ಬರೀ ದುಬಾರಿ ಸಂಬಳದ ಮುದುಕ. ಅಲ್ಲಿ ಅವನು ಮೈದಾನಕ್ಕೆ ಇಳಿದಾಗ ಯಾರೂ ಎದ್ದು ನಿಲ್ಲುವುದಿಲ್ಲ. ಇದು ನನ್ನ ವಾದ. ಇದಕ್ಕೆ ಏನು ಹೇಳುತ್ತೀರಿ, ಯೋಚಿಸಿಟ್ಟುಕೊಳ್ಳಿ.

ಗ್ಯಾರೆಟ್ ಮೇಲೆ ಸಿಟ್ಟಿಲ್ಲವೆಂದು ತಿಳಿಸಿ. ಆದರೆ ರೇಡಿಯೊ ಇನ್ನು ನನ್ನಿಂದಾಗದು. ಆ ಕೆಲಸ ನೀವೇ ನೋಡಿಕೊಳ್ಳಬೇಕು.

ಮೊದಲ ಆಟದ ದಿನ ಮಧ್ಯಾಹ್ನ ನಿಮ್ಮ ಮನೆಗೆ ಫೋನ್ ಮಾಡುತ್ತೇನೆ. ಒಸೋರಿಯೊ ಮೊದಲ ಸಲ ಬ್ಯಾಟು ಹಿಡಿಯುವ ಹೊತ್ತಿಗೆ. ಈ ಯಂತ್ರದಲ್ಲಿ ಒಂದು ವಾಕ್ಯ ಹೊರಡಲು ಸಮಯ ಹಿಡಿಯುತ್ತದೆ, ನಡುವೆ ಬಾಯಿ ಹಾಕಬೇಡಿ. ನಿಮಗೆ ಕಷ್ಟ, ಬಲ್ಲೆ.

ಇಂತು,
ವೆಂಡೆಲ್ ಪ್ರೂಯಿಟ್

ಇನ್ನೊಂದು ಮಾತು. ಆಸ್ಪತ್ರೆಯಿಂದ ಬಂದಮೇಲೆ ಈ ಯಂತ್ರ ಹಿಡಿದು ಮೊದಲು ಫೋನ್ ಮಾಡಿದ್ದು ಅಟ್ಲಾಂಟಾದಲ್ಲಿರುವ ಮಗನಿಗೆ. ಅವನ ಹೆಸರು ಹಿಡಿದು ಕರೆದೆ. ರಾಂಗ್ ನಂಬರ್ ಎಂದು ಇಟ್ಟುಬಿಟ್ಟ.