ಬೆಳಕು ತಿಂದ ಕೆನ್ನೆ

ಮಾರ್ಚ್ 12, ಗುರುವಾರ

ನಾನು ಕೆಲಸ ಮಾಡುವ ಫೋಟೋ ಸ್ಟುಡಿಯೋದ ಬಿಳಿ ಪರದೆಯನ್ನು ಇವತ್ತು ಮನೆಗೆ ತರಬಾರದಿತ್ತು. ಆರು ತಿಂಗಳ ಚಿಕಿತ್ಸೆ ಮುಗಿಸಿದ ಅಕ್ಕ ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗಬೇಕು. ಆಫೀಸಿನವರು ಹೊಸ ಫೋಟೋ ಕೇಳಿದ್ದಾರೆ. ಸ್ಟುಡಿಯೋದ ಮೆಟ್ಟಿಲು ಹತ್ತಲು ಅವಳಿಗೆ ಆಗುವುದಿಲ್ಲ.

ಮಡಚಿ ತಂದಿದ್ದ ಪರದೆಯನ್ನು ಬಿಚ್ಚಿ ನಿಲ್ಲಿಸಿ, ಅದರೊಳಗಿನ ದೀಪ ಹೊತ್ತಿಸಿದಾಗ ಅಕ್ಕ ನಕ್ಕಳು. "ಇದೇನೋ, ಸೊಳ್ಳೆಪರದೆಗೆ ಕರೆಂಟ್ ಕೊಟ್ಟಿದ್ದೀಯಾ?"

ಮೊದಲ ಫೋಟೋ ನೋಡಿದಾಗ ಆ ನಗು ನಿಂತಿತು. "ಇಷ್ಟು ಸೊರಗಿದ್ದೀನೇನೋ?"

"ಇಲ್ಲಕ್ಕ, ಪರದೆಗೆ ತೀರಾ ಹತ್ತಿರ ಕೂರಿಸಿಬಿಟ್ಟೆ. ಹಿಂದಿನ ಬೆಳಕು ಕೆನ್ನೆ ತಿಂದುಹಾಕಿದೆ."

ಅದು ಸುಳ್ಳಾಗಿರಲಿಲ್ಲ. ಹಿಂದಿನ ಬೆಳಕು ಹೆಚ್ಚಾದರೆ ಮುಖದ ಅಂಚು ಕರಗುತ್ತದೆ. ಅದಷ್ಟೇ ಕಾರಣ ಎಂದು ನಾನೂ ನಂಬಿದ್ದೆ. ಸ್ಟೂಲನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಎಳೆದೆ, ಬೆಳಕು ತಗ್ಗಿಸಿದೆ, ಮತ್ತೆ ತೆಗೆದೆ. ಅಂಚು ಚೊಕ್ಕವಾಗಿ ಬಂತು. ಕೆನ್ನೆ ಮಾತ್ರ ಬರಲಿಲ್ಲ.

"ಈಗ ಬೆಳಕು ಸರಿಯಾಗಿದೆಯಾ?" ಎಂದಳು.

ಇನ್ನೂ ಇಲ್ಲ ಎಂದು ಸುಳ್ಳಾದರೂ ಹೇಳಬಹುದಿತ್ತು, ನಾಲಿಗೆ ಹೊರಳಲಿಲ್ಲ. "ಸರಿಯಾಗಿದೆ ಅಕ್ಕ."

ಅವಳು ಎರಡನ್ನೂ ಬಹಳ ಹೊತ್ತು ನೋಡಿದಳು. "ಮೊದಲನೇದೇ ಕೊಡು. ಯಾರಾದ್ರೂ ಕೇಳಿದ್ರೆ, ನನ್ನ ತಮ್ಮನಿಗೆ ಫೋಟೋ ತೆಗೆಯೋಕೆ ಬರಲ್ಲ ಅಂತೀನಿ."

ಅದನ್ನೇ ಪ್ರಿಂಟ್ ಹಾಕಿಸಿದೆ. ಸಂಜೆ ಅಮ್ಮ ಅದನ್ನು ಹಿಡಿದು, "ಓದಂತೂ ತಲೆಗೆ ಹತ್ತಲಿಲ್ಲ, ಈ ಕೆಲಸನಾದ್ರೂ ನೆಟ್ಟಗೆ ಕಲೀಬಾರ್ದೇನೋ?" ಎಂದಳು.

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಕಲೀತೀನಮ್ಮ" ಎಂದೆ.

ಸರಿಯಾಗಿ ಬಂದ ಫೋಟೋ ಇನ್ನೂ ಕ್ಯಾಮೆರಾದಲ್ಲೇ ಇದೆ. ಅಳಿಸಲು ಕೈ ಬರುತ್ತಿಲ್ಲ, ಇನ್ನೊಮ್ಮೆ ನೋಡೋಣವೆಂದರೆ ಧೈರ್ಯವೂ ಬರುತ್ತಿಲ್ಲ.